ದೆವ್ವ ಪರದೆ ಮೇಲಿರಲಿ, ರೋಡಿಗೆ ಬೇಡ: ಗೆಳೆಯರ ಜತೆ ಹಾರರ್ ಶಾರ್ಟ್ ಫಿಲ್ಮ್ ತೆಗೆಯೋ ಮುಂಚೆ ತಿಳಿದಿರಬೇಕಾದ್ದು

ಯಲಹಂಕ: ಕೈಯಲ್ಲಿ ಮೊಬೈಲ್ ಇದೆ, ನಾಲ್ಕೈದು ಜನ ಗೆಳೆಯರಿದ್ದಾರೆ, ಎರಡು ದಿನ ರಜೆ ಸಿಕ್ಕಿದೆ. ಸಿನಿಮಾ ಹುಚ್ಚಿರೋ ಹುಡುಗರಿಗೆ ಆಗ ಮೊದಲು ಹೊಳೆಯೋದು ಹಾರರ್. ಹೀರೊ ಬೇಡ, ಹಾಡು ಬೇಡ, ಫೈಟ್ ಬೇಡ. ಒಂದು ಬಿಳಿ ಸೀರೆ, ಒಂದು ವಿಗ್ಗು, ಒಂದಿಷ್ಟು ಕತ್ತಲೆ ಇದ್ದರೆ ಆಯ್ತು ಅನ್ನೋ ಲೆಕ್ಕ. ಲೆಕ್ಕ ತಪ್ಪೋದು ಕತ್ತಲೆ ವಿಷಯದಲ್ಲೇ. ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದಂಥ ಕಡೆ ರಾತ್ರಿ ಎರಡು ಗಂಟೆಗೂ ರೋಡ್ ಖಾಲಿ ಇರಲ್ಲ. ನೈಟ್ ಶಿಫ್ಟ್ ಮುಗಿಸಿ ಬರೋರು, ಆಟೋದವರು, ಹೂವು-ತರಕಾರಿ ತರೋಕೆ ಮಾರ್ಕೆಟ್‌ಗೆ ಹೊರಟವರು ಓಡಾಡ್ತಾನೇ ಇರ್ತಾರೆ. ಅವರಿಗೆ ಅಲ್ಲಿ ಶೂಟಿಂಗ್ ನಡೀತಿದೆ ಅಂತ ಗೊತ್ತಿರಲ್ಲ.

ಇದಕ್ಕೆ ನಮ್ಮ ಕಡೆಯದೇ ಉದಾಹರಣೆ ಇದೆ. 2019ರ ನವೆಂಬರ್‌ನಲ್ಲಿ ಯಶವಂತಪುರ ಭಾಗದ ಷರೀಫ್ ನಗರದಲ್ಲಿ ನಡುರಾತ್ರಿ ದೆವ್ವದ ವೇಷ ಹಾಕಿ ದಾರಿಹೋಕರನ್ನು, ವಾಹನ ಸವಾರರನ್ನು ತಡೆದು ಹೆದರಿಸುತ್ತಿದ್ದ ಏಳು ಮಂದಿ ಯುವಕರನ್ನು ಸೋಲದೇವನಹಳ್ಳಿ ಪೊಲೀಸರು ಬಂಧಿಸಿದರು. ಬಿಳಿ ನಿಲುವಂಗಿ, ಮುಖದ ಮೇಲೆ ಇಳಿಬಿದ್ದ ವಿಗ್ಗಿನ ಕೂದಲು. ಯೂಟ್ಯೂಬ್ ಚಾನೆಲ್‌ಗೆ ಪ್ರಾಂಕ್ ವಿಡಿಯೊ ಮಾಡೋದು ಅವರ ಉದ್ದೇಶ. ಜಾಮೀನು ಸಿಗುವಂಥ ಸೆಕ್ಷನ್‌ಗಳಾದ್ದರಿಂದ ಠಾಣೆಯಲ್ಲೇ ಜಾಮೀನು ಕೊಟ್ಟು ಬಿಟ್ಟರು. ಆದರೆ ವೇಷದಲ್ಲಿ ನಿಂತಿದ್ದ ಹುಡುಗರ ಫೋಟೊ ದೇಶದ ಪೇಪರ್, ಟಿವಿಗಳಲ್ಲೆಲ್ಲ ಬಂತು. ಅಂದುಕೊಂಡ ವಿಡಿಯೊಗಿಂತ ಅದೇ ಜಾಸ್ತಿ ಓಡಿತು.

ಅದು ಪ್ರಾಂಕ್, ನಾವು ಮಾಡೋದು ಸಿನಿಮಾ ಅಂತ ಹೇಳಬಹುದು. ನಿಜ. ಆದರೆ ಬೈಕ್‌ನಲ್ಲಿ ಬರ್ತಿರೋನಿಗೆ ತಿರುವಿನಲ್ಲಿ ಬಿಳಿ ಸೀರೆ ಕಂಡರೆ ಎರಡಕ್ಕೂ ವ್ಯತ್ಯಾಸ ಇಲ್ಲ. ಅವನು ಬ್ರೇಕ್ ಹಾಕಿ ಬಿದ್ದರೆ, ಹಾರ್ಟ್ ಪೇಷೆಂಟ್ ಒಬ್ಬರು ನೋಡಿ ಕುಸಿದರೆ, 'ಅಣ್ಣಾ, ಇದು ಶಾರ್ಟ್ ಫಿಲ್ಮು' ಅಂದರೆ ಆಗಲ್ಲ.

ಕಾನೂನು ಏನು ಹೇಳುತ್ತೆ?

2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 126ನೇ ಸೆಕ್ಷನ್ ಪ್ರಕಾರ, ಒಬ್ಬರಿಗೆ ಹೋಗೋ ಹಕ್ಕಿರುವ ದಾರಿಯಲ್ಲಿ ಬೇಕಂತಲೇ ಅಡ್ಡ ನಿಂತು ತಡೆದರೆ 1 ತಿಂಗಳವರೆಗೆ ಸಾದಾ ಸಜೆ, 5,000 ರೂ.ವರೆಗೆ ದಂಡ ಅಥವಾ ಎರಡೂ. ಸಾರ್ವಜನಿಕರಿಗೆ ತೊಂದರೆ ಮಾಡಿದ್ದಕ್ಕೆ 292ನೇ ಸೆಕ್ಷನ್‌ನಲ್ಲಿ 1,000 ರೂ.ವರೆಗೆ ದಂಡ. ಕೇಳೋಕೆ ಚಿಕ್ಕದು ಅನ್ನಿಸುತ್ತೆ. ಆದರೆ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದಾಗ ಬಾಕಿ ಇರೋ ಕೇಸ್ ಅಡ್ಡ ಬರುತ್ತೆ, ಕೆಲಸಕ್ಕೆ ಸೇರುವಾಗಿನ ವೆರಿಫಿಕೇಷನ್‌ನಲ್ಲೂ ಪ್ರಶ್ನೆ ಏಳುತ್ತೆ.

ಪೊಲೀಸರಿಗಿಂತ ಮೊದಲು ಜನ ಬಂದುಬಿಟ್ಟರೆ ಇನ್ನೂ ಕಷ್ಟ. 2018ರ ಮೇ ತಿಂಗಳಲ್ಲಿ, ಮಕ್ಕಳ ಕಳ್ಳರ ವದಂತಿ ವಾಟ್ಸ್ಆ್ಯಪ್‌ನಲ್ಲಿ ಹರಿದಾಡ್ತಿದ್ದಾಗ, ಇದೇ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನೊಬ್ಬನನ್ನು ಗುಂಪು ಸೇರಿ ಹೊಡೆದು ಕೊಂದರು. ಅವನು ಯಾವ ವೇಷವನ್ನೂ ಹಾಕಿರಲಿಲ್ಲ. ಗುರುತಿಲ್ಲದ ಬೀದಿಗೆ ರಾತ್ರಿ ಹೊತ್ತು ಮುಖ ಮುಚ್ಚಿಕೊಂಡು ಹೋಗೋ ತಂಡ ಇದನ್ನ ಒಂದು ಸಲ ನೆನೆಸಿಕೊಳ್ಳಬೇಕು.

ಕಡಿಮೆ ದುಡ್ಡಲ್ಲಿ ಗೆದ್ದವರು ಮಾಡಿದ್ದೇನು?

ಒಳ್ಳೆ ಸುದ್ದಿ ಅಂದರೆ, ಹಾರರ್‌ಗೆ ರೋಡ್ ಬೇಕೇ ಬೇಕು ಅಂತಿಲ್ಲ. 'ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ' ಅನ್ನೋ ಅಮೆರಿಕದ ಸಿನಿಮಾವನ್ನು ನಿರ್ದೇಶಕ ಓರೆನ್ ಪೆಲಿ ತನ್ನ ಸ್ವಂತ ಮನೆಯಲ್ಲೇ ಸುಮಾರು ಒಂದು ವಾರದಲ್ಲಿ ತೆಗೆದ. ಖರ್ಚು ಅಂದಾಜು 15,000 ಡಾಲರ್. ಒಂದು ಬೆಡ್‌ರೂಮ್, ಸ್ಟ್ಯಾಂಡ್ ಮೇಲಿಟ್ಟ ಕ್ಯಾಮೆರಾ, ತಾನಾಗೇ ಅಲ್ಲಾಡೋ ಬಾಗಿಲು. ದೆವ್ವವನ್ನ ನೇರವಾಗಿ ತೋರಿಸೋ ಗೋಜಿಗೆ ಹೋಗಲಿಲ್ಲ. ಕನ್ನಡದಲ್ಲಿ 2013ರಲ್ಲಿ ಬಂದ '6-5=2' ಕೂಡ ಹೊಸ ಮುಖಗಳ ಸಿನಿಮಾ. ಕಾಡಿಗೆ ಟ್ರೆಕಿಂಗ್ ಹೋದವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳು ಅನ್ನೋ ರೀತಿಯಲ್ಲಿ ತೆಗೆದದ್ದರಿಂದ, ಚಿತ್ರ ಅಲ್ಲಾಡಿದರೂ, ಬೆಳಕು ಕಮ್ಮಿಯಾದರೂ ಅದೇ ಪ್ಲಸ್ ಪಾಯಿಂಟ್ ಆಯ್ತು. ಇನ್ನೂ ಹಿಂದೆ, 1993ರಲ್ಲಿ ಉಪೇಂದ್ರ ನಿರ್ದೇಶಿಸಿದ 'ಶ್!' ಇದೆ. ಅದರಲ್ಲಿ ದೆವ್ವದ ಕಾಟ ಶುರುವಾಗೋದೇ ಸಿನಿಮಾ ಶೂಟಿಂಗ್‌ಗೆ ಹೋದವರಿಗೆ.

ಇವುಗಳಲ್ಲಿ ಗಮನಿಸಬೇಕಾದ್ದು, ದುಡ್ಡು ಇಲ್ಲದವರು ದೆವ್ವವನ್ನ ಅಡಗಿಸಿಟ್ಟರು. ನೋಡೋನು ತಾನೇ ಊಹಿಸಿ ಹೆದರ್ತಾನೆ. ಮೇಕಪ್ ಚೆನ್ನಾಗಿಲ್ಲದ ದೆವ್ವವನ್ನ ಪೂರ್ತಿ ಬೆಳಕಲ್ಲಿ ಐದು ಸೆಕೆಂಡ್ ತೋರಿಸಿದರೆ ಜನ ನಗ್ತಾರೆ. ಅದರಲ್ಲೂ ಹುಡುಗರ ತಂಡಗಳಲ್ಲಿ ಸೀರೆ ಉಡೋದು ಇರೋರಲ್ಲಿ ತೆಳ್ಳಗಿರೋ ಹುಡುಗ. ಅವನು ತಿರುಗಿದ ತಕ್ಷಣ ಮೀಸೆ ಕಾಣುತ್ತೆ.

ಕಥೆಗೂ ದೂರ ಹೋಗಬೇಕಿಲ್ಲ. ಮನೆಯಲ್ಲಿ ನಲವತ್ತು ದಾಟಿದವರನ್ನ ಕೇಳಿದರೆ 'ನಾಳೆ ಬಾ' ಕಥೆ ಹೇಳ್ತಾರೆ. ತೊಂಬತ್ತರ ದಶಕದಲ್ಲಿ ಬೆಂಗಳೂರು ಸೇರಿ ಹಲವು ಊರುಗಳಲ್ಲಿ ಹಬ್ಬಿದ್ದ ಸುದ್ದಿ ಅದು. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತೆ, ಮನೆಯವರದ್ದೇ ಧ್ವನಿಯಲ್ಲಿ ಕರೆಯುತ್ತೆ, ಬಾಗಿಲು ತೆಗೆದರೆ ಕಥೆ ಮುಗೀತು. ಅದಕ್ಕೆ ಜನ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದರು. ದೆವ್ವ ಓದಿ ವಾಪಸ್ ಹೋಗುತ್ತೆ, ಮಾರನೇ ದಿನ ಬಂದರೂ ಅದೇ ಬರಹ. (ಅಂಗಡಿಗಳಲ್ಲಿ 'ಇಂದು ನಗದು, ನಾಳೆ ಉದ್ರಿ' ಬೋರ್ಡ್ ಹಾಕೋ ಮಾಲೀಕರಿಗೆ ಈ ಉಪಾಯ ಹೊಸದೇನಲ್ಲ.) 2018ರ ಹಿಂದಿ ಚಿತ್ರ 'ಸ್ತ್ರೀ' ಇದೇ ನಂಬಿಕೆಯನ್ನ ಹಿಡಿದು ದೊಡ್ಡ ಹಿಟ್ ಆಯ್ತು. ನಮ್ಮ ಹುಡುಗರಿಗೆ ಇದಕ್ಕೆ ಬೇಕಾಗೋದು ಒಂದು ಬಾಗಿಲು, ಒಂದು ಸೀಮೆಸುಣ್ಣ, ಆಚೆಯಿಂದ ಅಮ್ಮನ ಧ್ವನಿ. ದೆವ್ವದ ವೇಷವೇ ಬೇಕಾಗಲ್ಲ.

ಜಾಗ ಯಾವುದು, ಕೇಳಬೇಕಾದ್ದು ಯಾರನ್ನ?

ಸ್ವಂತ ಮನೆ, ಗೆಳೆಯನ ಮನೆ, ಟೆರೇಸ್, ಶಟರ್ ಎಳೆದ ಮೇಲೆ ಅಂಗಡಿಯ ಒಳಗಡೆ. ಇಷ್ಟೇ ಒಳ್ಳೆ ಜಾಗಗಳು. ಬಾಡಿಗೆ ಮನೆಯಾದರೆ ಓನರ್‌ಗೆ ಮೊದಲೇ ಹೇಳಬೇಕು, ಅಕ್ಕಪಕ್ಕದ ಎರಡು ಮನೆಗೂ ಹೇಳಬೇಕು. ಕಿರುಚೋ ಸೀನ್ ಇದ್ದರೆ ಎಷ್ಟು ಗಂಟೆಗೆ ಅಂತಲೂ ಹೇಳೋದು ಒಳ್ಳೇದು. ಇಲ್ಲದಿದ್ದರೆ ಹುಡುಗಿ ಕಿರುಚಿದ ಸದ್ದಿಗೆ ಪಕ್ಕದ ಮನೆಯವರು 112ಕ್ಕೆ ಫೋನ್ ಮಾಡ್ತಾರೆ, ಮಾಡಲೂಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಇದೆ. ಬ್ಲೂಟೂತ್ ಸ್ಪೀಕರ್‌ನಲ್ಲಿ ಜೋರಾಗಿ ಮ್ಯೂಸಿಕ್ ಹಾಕಿ ಮೂಡ್ ತರೋ ಐಡಿಯಾ ಬಿಡಬೇಕು. ಕಿರುಚಾಟವನ್ನ ಹಗಲಲ್ಲೇ ಬೇರೆಯಾಗಿ ರೆಕಾರ್ಡ್ ಮಾಡಿ ಎಡಿಟಿಂಗ್‌ನಲ್ಲಿ ಸೇರಿಸಿದರೆ ಈ ತಲೆನೋವೇ ಇಲ್ಲ.

ಕೆಲವು ಜಾಗಗಳನ್ನ ಪಟ್ಟಿಯಿಂದ ತೆಗೆದುಬಿಡೋದೇ ವಾಸಿ. ಮೊದಲನೇದು ರೈಲು ಹಳಿ. ಯಶವಂತಪುರ, ಲೊಟ್ಟೆಗೊಲ್ಲಹಳ್ಳಿ, ಕೊಡಿಗೇಹಳ್ಳಿ, ಯಲಹಂಕದ ಹಳಿಗಳು ರಾತ್ರಿ ಹೊತ್ತು ಫ್ರೇಮ್‌ನಲ್ಲಿ ಚೆನ್ನಾಗಿ ಕಾಣುತ್ತವೆ, ಅದೇ ಅಪಾಯ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್‌ನಲ್ಲಿ ಅತಿಕ್ರಮ ಪ್ರವೇಶಕ್ಕೆ 6 ತಿಂಗಳವರೆಗೆ ಜೈಲು, 1,000 ರೂ.ವರೆಗೆ ದಂಡ ಇದೆ. ದಂಡದ ಮಾತು ಬಿಡಿ, ಲೈಟ್ ಕಣ್ಣಿಗೆ ಹೊಡೀತಿರೋವಾಗ ಟ್ರೈನ್ ಯಾವ ಹಳಿ ಮೇಲೆ ಬರ್ತಿದೆ ಅಂತ ಗೊತ್ತಾಗಲ್ಲ. ಎರಡನೇದು ಕೆರೆ ಅಂಚು. ಯಲಹಂಕದ ಪುಟ್ಟೇನಹಳ್ಳಿ ಕೆರೆ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ. ರಾತ್ರಿ ಲೈಟ್, ಗಲಾಟೆ ಅಲ್ಲಿ ಸಲ್ಲದು. ಪಾಳುಬಿದ್ದ ಮನೆಗೂ ಯಾರೋ ಒಬ್ಬ ಮಾಲೀಕ ಇದ್ದೇ ಇರ್ತಾನೆ, ಒಳಗೆ ಹಾವೂ ಇರಬಹುದು, ಮುಚ್ಚದ ಬಾವಿಯೂ ಇರಬಹುದು.

ಡ್ರೋನ್ ಶಾಟ್ ಬೇಕು ಅನ್ನೋರಿಗೆ ಒಂದು ಮಾತು. ಯಲಹಂಕದಲ್ಲಿ ವಾಯುನೆಲೆ ಇದೆ, ಪಕ್ಕದಲ್ಲೇ ಜಕ್ಕೂರು ಏರೋಡ್ರೋಮ್. 2021ರ ಡ್ರೋನ್ ನಿಯಮಗಳ ಪ್ರಕಾರ ರೆಡ್ ಝೋನ್‌ನಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸೋ ಹಾಗಿಲ್ಲ. ಯಾವ ಜಾಗ ಯಾವ ಝೋನ್ ಅಂತ ಡಿಜಿಟಲ್ ಸ್ಕೈ ಮ್ಯಾಪ್‌ನಲ್ಲಿ ನೋಡಬಹುದು. ಟೆರೇಸ್‌ನಿಂದ ಕೆಳಗೆ ಮೊಬೈಲ್ ಹಿಡಿದರೂ ದೆವ್ವ ಮೇಲಿಂದ ನೋಡ್ತಿರೋ ಹಾಗೇ ಕಾಣುತ್ತೆ.

ರೋಡ್‌ನಲ್ಲೇ ಒಂದು ಸೀನ್ ಬೇಕೇ ಬೇಕು ಅಂದರೆ ಸ್ಥಳೀಯ ಠಾಣೆ, ಟ್ರಾಫಿಕ್ ಪೊಲೀಸರು ಮತ್ತು ಪಾಲಿಕೆಯನ್ನ ಕೇಳಿಕೊಂಡೇ ಹೋಗಬೇಕು. ಪತ್ರ ಎರಡು ಪ್ರತಿ ಇರಲಿ: ತಂಡದವರ ಹೆಸರು, ಫೋನ್ ನಂಬರ್, ಜಾಗ, ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ದೆವ್ವದ ವೇಷ ಇದೆ ಅನ್ನೋದೂ ಸ್ಪಷ್ಟವಾಗಿ. ಒಂದು ಪ್ರತಿ ಮೇಲೆ ಸೀಲು ಹಾಕಿಸಿಕೊಳ್ಳಬೇಕು. ನೆನಪಿರಲಿ, ಆ ಸೀಲು ಪತ್ರ ತಲುಪಿದ್ದಕ್ಕೆ ಸಾಕ್ಷಿ ಅಷ್ಟೇ, ಅನುಮತಿ ಸಿಕ್ಕಿತು ಅಂತಲ್ಲ. ಅನುಮತಿ ಸಿಕ್ಕ ಮೇಲೂ ವೇಷವನ್ನ ಜಾಗದಲ್ಲೇ ಹಾಕಿ, ಶಾಟ್ ಮುಗಿದ ತಕ್ಷಣ ಮೇಲೊಂದು ಶಾಲು ಹೊದೆಯಬೇಕು. ವೇಷದಲ್ಲೇ ಬೈಕ್ ಹಿಂದೆ ಕೂತು ಟೀ ಕುಡಿಯೋಕೆ ಹೋದರೆ ಬೀದಿ ನಾಯಿಗಳೂ ಬಿಡಲ್ಲ.

ಮೊಬೈಲ್ ಸೆಟ್ಟಿಂಗ್, ಸದ್ದು

ಹೊಸ ಮೊಬೈಲ್‌ಗಳಿಗೆ ಒಂದು ಕೆಟ್ಟ ಚಾಳಿ: ಕತ್ತಲೆ ಕಂಡರೆ ತಾವಾಗೇ ಬೆಳಕು ಏರಿಸುತ್ತವೆ. ಚಿತ್ರ ತುಂಬ ಚುಕ್ಕಿ ಚುಕ್ಕಿ. ಆಟೋ ಬಿಟ್ಟು ಪ್ರೊ ಮೋಡ್‌ಗೆ ಹೋಗಿ ಎಕ್ಸ್‌ಪೋಷರ್ ಲಾಕ್ ಮಾಡಬೇಕು. ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ಟ್ಯೂಬ್‌ಲೈಟ್ ಮಿಣುಕೋದು ಬಹುಪಾಲು ತಪ್ಪುತ್ತೆ. ಒಂದೇ ಒಂದು ಎಮರ್ಜೆನ್ಸಿ ಲೈಟನ್ನ ಪಕ್ಕದಿಂದ ಅಥವಾ ಹಿಂದಿನಿಂದ ಕೊಟ್ಟರೆ ಸಾಕು. ಹೊರಗಿನ ಶಾಟ್‌ಗಳಿಗೆ ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷ ಬಳಸಿಕೊಂಡರೆ, ಆಕಾಶ ನೀಲಿಯಾಗಿದ್ದು, ಪರದೆ ಮೇಲೆ ರಾತ್ರಿ ಥರವೇ ಬರುತ್ತೆ. ಆ ಹೊತ್ತಿಗೆ ಬೀದಿಯಲ್ಲಿ ಜನ ಎಚ್ಚರ ಇರ್ತಾರೆ, ಯಾರೂ ಬೆಚ್ಚಿಬೀಳಲ್ಲ.

ಹೆದರಿಸೋ ಕೆಲಸ ಅರ್ಧಕ್ಕಿಂತ ಜಾಸ್ತಿ ಮಾಡೋದು ಸದ್ದು. ಉತ್ತರ ಬೆಂಗಳೂರಿನ ಕಷ್ಟ ಏನಂದರೆ ದೇವನಹಳ್ಳಿಗೆ ಹೋಗಿಬರೋ ವಿಮಾನ, ರೈಲಿನ ಹಾರ್ನ್, ಬಳ್ಳಾರಿ ರಸ್ತೆಯ ಲಾರಿ. ಹಾಗಾಗಿ ಎರಡನೇ ಮೊಬೈಲ್‌ಗೆ ಕಾಲರ್ ಮೈಕ್ ಸಿಕ್ಕಿಸಿ ನಟನ ಜೇಬಲ್ಲಿಟ್ಟು ಡೈಲಾಗ್ ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳೋದು ಕ್ಷೇಮ. ಬಾಗಿಲು ತಟ್ಟೋ ಸದ್ದು, ಗೆಜ್ಜೆ, ನಲ್ಲಿ ತೊಟ್ಟಿಕ್ಕೋದು ಎಲ್ಲ ಬೇರೆ ಬೇರೆಯಾಗಿ. ಯಾರೂ ಮಾತಾಡದ ಖಾಲಿ ರೂಮಿನ ಸದ್ದನ್ನೂ ಅರ್ಧ ನಿಮಿಷ ಹಿಡಿದಿಟ್ಟುಕೊಂಡರೆ ಎಡಿಟಿಂಗ್‌ನಲ್ಲಿ ಉಪಯೋಗಕ್ಕೆ ಬರುತ್ತೆ. ಫ್ಯಾನ್, ಫ್ರಿಜ್ ಆಫ್ ಮಾಡಬೇಕು. ಫ್ರಿಜ್ ಆಫ್ ಮಾಡಿದವರು ಬೈಕ್ ಕೀ ಅದರೊಳಗೇ ಇಡಲಿ, ಮನೆಗೆ ಹೊರಡುವಾಗ ಆನ್ ಮಾಡೋಕೆ ನೆನಪಾಗುತ್ತೆ. ಇಲ್ಲಾಂದರೆ ಬೆಳಗ್ಗೆ ಅಮ್ಮಂದಿರ ಕೈಯಲ್ಲಿ ನಿಜವಾದ ಹಾರರ್.

ರಕ್ತಕ್ಕೆ ಗಟ್ಟಿ ಸಕ್ಕರೆ ಪಾಕ, ಕೆಂಪು ಫುಡ್ ಕಲರ್, ಒಂದು ಚಮಚ ಕಾರ್ನ್‌ಫ್ಲೋರ್; ಬಣ್ಣ ಕಪ್ಪೇರಲು ನಾಲ್ಕು ಹನಿ ಕಾಫಿ ಡಿಕಾಕ್ಷನ್. ಹೋಳಿ ಬಣ್ಣ, ಕುಂಕುಮ ಕಣ್ಣು-ಬಾಯಿ ಹತ್ತಿರ ಬೇಡವೇ ಬೇಡ. ಬೆಂಕಿ, ಸೀಮೆಎಣ್ಣೆ, ನಿಜವಾದ ಮಚ್ಚು ಕೂಡ ಬೇಡ. ಮಚ್ಚು ಹಿಡಿದು ಓಡೋ ಹುಡುಗನ್ನ ದೂರದಿಂದ ನೋಡಿದರೆ ಯಾರಿಗೂ ಸಿನಿಮಾ ಅನ್ನಿಸಲ್ಲ.

ಖರ್ಚಲ್ಲಿ ಎಲ್ಲರೂ ಮರೆಯೋದು ಊಟ ಮತ್ತು ಮನೆಗೆ ಬಿಡೋ ವ್ಯವಸ್ಥೆ. ತಂಡದಲ್ಲಿ ಹೆಣ್ಣುಮಕ್ಕಳಿದ್ದರೆ ಎಷ್ಟು ಗಂಟೆಗೆ, ಯಾರು, ಯಾವ ಗಾಡೀಲಿ ಬಿಡ್ತಾರೆ ಅನ್ನೋದು ಶೂಟಿಂಗ್ ಹಿಂದಿನ ದಿನವೇ ಅವರ ಮನೆಯವರಿಗೆ ಗೊತ್ತಿರಬೇಕು. ಹದಿನೆಂಟು ತುಂಬದವರನ್ನ ಅಪ್ಪ-ಅಮ್ಮನ ಒಪ್ಪಿಗೆ ಇಲ್ಲದೆ ಸೇರಿಸಿಕೊಳ್ಳೋದು ಬೇಡ.

ಅಂಗಡಿಯವರಿಗೆ

ಹುಡುಗರು ಬಂದು 'ಅಣ್ಣಾ, ರಾತ್ರಿ ಎರಡು ಗಂಟೆ ಅಂಗಡಿ ಕೊಡಿ' ಅಂದರೆ ಗದರಿಸಿ ಕಳಿಸಬೇಕಿಲ್ಲ. ಒಬ್ಬರ ಗುರುತಿನ ಚೀಟಿ ನಕಲು, ಎಲ್ಲರ ಹೆಸರು ಬರೆದ ಚೀಟಿ, ಮುಗಿಸೋ ಸಮಯ ಬರೆಸಿಕೊಳ್ಳಿ. ಸಿಸಿಟಿವಿ ಆನ್ ಇರಲಿ. ಅಂಗಡಿ ಬೋರ್ಡ್ ತೋರಿಸಬಹುದಾ ಬೇಡವಾ ಅಂತ ಮೊದಲೇ ಹೇಳಿ. ದೆವ್ವ ಇರೋ ಅಂಗಡಿ ಅಂತ ವಿಡಿಯೊ ಓಡಿದರೆ ಆಮೇಲೆ ಗಿರಾಕಿಗಳಿಗೆ ಸಮಜಾಯಿಷಿ ಕೊಡೋರು ನೀವೇ. ಬೀಟ್ ಪೊಲೀಸರಿಗೆ ಒಂದು ಮಾತು ಹೇಳಿಟ್ಟರೆ, ಶಟರ್ ಕೆಳಗಿನ ಸಂದಿಯಿಂದ ಬೆಳಕು ಕಂಡಾಗ ಕಳ್ಳರು ಅಂದುಕೊಳ್ಳಲ್ಲ.

ಪ್ಯಾಕಪ್ ಆದ ಮೇಲೆ ಇನ್ನೊಂದು ಕೆಲಸ ಇದೆ. ಸಕ್ಕರೆ ಪಾಕದ ರಕ್ತ ಮೆಟ್ಟಿಲ ಮೇಲೆ ಉಳಿದರೆ ಬೆಳಗಾಗೋದ್ರಲ್ಲಿ ಇರುವೆ ಸಾಲು ಹತ್ತುತ್ತೆ, ಒಣಗಿದರೆ ಕಲೆ ಹೋಗಲ್ಲ. ಬಿಸಿನೀರಲ್ಲಿ ಆಗಲೇ ತೊಳೆಯಬೇಕು. ಬಾಗಿಲ ಮೇಲಿನ 'ನಾಳೆ ಬಾ' ಅನ್ನೂ ಒರೆಸಬೇಕು. ಐದು ಗಂಟೆಗೆ ಹಾಲು ಹಾಕೋ ಹುಡುಗ ಅದನ್ನ ಓದಿ ವಾಪಸ್ ಹೋಗಿಬಿಟ್ಟರೆ ಆ ದಿನ ಕಾಫಿ ಇಲ್ಲ.