ಅಂಗೈ ಮೇಲೆ ಎರಡು ಅಂಬಾರಿ

ಒಂದು ಕೊಡ ನೀರು, ಅಂದರೆ ಹದಿನೈದು ಲೀಟರ್. ಅಷ್ಟನ್ನೂ ಕುದಿಸಿ ಹಬೆ ಮಾಡಿದರೆ ಎಷ್ಟಾಗುತ್ತದೆ ಗೊತ್ತೆ? 25,000 ಲೀಟರ್! ನೀರು ಹಬೆಯಾದರೆ ಹಿಗ್ಗುವುದು ಹತ್ತು ಪಟ್ಟಲ್ಲ, ನೂರು ಪಟ್ಟಲ್ಲ, ಹತ್ತಿರ ಹತ್ತಿರ 1,670 ಪಟ್ಟು. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯನ್ನು ಸೂರಿನವರೆಗೆ ತುಂಬಲು ಒಂದೇ ಕೊಡ ಸಾಕು.

ಈ ಲೆಕ್ಕ ಹಾಕಲು ರಾಯಚೂರು ಜಿಲ್ಲೆಯ ಸಿಂಧನೂರು ಸೀಮೆಗಿಂತ ಒಳ್ಳೆಯ ಜಾಗವಿಲ್ಲ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳು ನೆಲೆ ನಿಂತ ಆರ್.ಎಚ್. ಕ್ಯಾಂಪ್‌ಗಳ ಸುತ್ತ, ತುಂಗಭದ್ರಾ ಎಡದಂಡೆ ಕಾಲುವೆ ಹರಿದಷ್ಟು ದೂರವೂ ಭತ್ತ. ಭತ್ತವಿದ್ದಲ್ಲಿ ಮಿಲ್ಲು, ಸ್ಟೀಮ್ ಅಕ್ಕಿಯ ಮಿಲ್ಲಿದ್ದಲ್ಲಿ ಬಾಯ್ಲರ್. ಉರುವಲೂ ಮನೆಯದೇ: 75 ಕಿಲೋ ಚೀಲದ ಭತ್ತದಲ್ಲಿ ಸುಮಾರು 15 ಕಿಲೋ ಹೊಟ್ಟು.

ಗಂಟೆಗೆ ಎರಡು ಟನ್ ಹಬೆ ಕೊಡುವ ಬಾಯ್ಲರ್ ದಿನಕ್ಕೆ 20 ಗಂಟೆ ಓಡಿದರೆ ಕುಡಿಯುವುದು 40,000 ಲೀಟರ್. ಬೋರಿನ ನೀರಲ್ಲಿ ಲೀಟರಿಗೆ ಅರ್ಧ ಗ್ರಾಂ ಉಪ್ಪಿದೆ ಎನ್ನಿ. ನೀರು ಹಬೆಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ! ದಿನಕ್ಕೆ 20 ಕಿಲೋ, ನೂರು ದಿನಕ್ಕೆ ಎರಡು ಟನ್, ಅಂದರೆ 40 ಸಿಮೆಂಟ್ ಚೀಲದ ತೂಕ. ಹೊರಗೆ ಬಿಡದಿದ್ದರೆ ಅದು ಒಳಗೇ ಹೊಪ್ಪಳಿಕೆ ಕಟ್ಟುತ್ತದೆ. ಒಂದೇ ಮಿಲಿಮೀಟರ್ ದಪ್ಪದ ಹೊಪ್ಪಳಿಕೆಗೆ ಉರುವಲು ನೂರಕ್ಕೆ 5ರಿಂದ 8ರಷ್ಟು ಹೆಚ್ಚು ಬೇಕು.

ಇನ್ನು ಒತ್ತಡ. ಪ್ರೆಶರ್ ಗೇಜಿನ ಮುಳ್ಳು 10ರ ಮೇಲಿದೆ ಅಂದರೆ ಚದರ ಸೆಂಟಿಮೀಟರಿಗೆ 10 ಕಿಲೋ. ಬೆರಳೂ ಸೇರಿ ಅಂಗೈಯಷ್ಟು ತಗಡಿನ ಮೇಲೆ ಒಂದೂವರೆ ಟನ್. ಮೈಸೂರು ದಸರೆಯ ಚಿನ್ನದ ಅಂಬಾರಿ 750 ಕಿಲೋ. ಅಂಥವು ಎರಡು, ಅಂಗೈ ಮೇಲೆ! ಎರಡು ಮೀಟರ್ ವ್ಯಾಸ, ನಾಲ್ಕು ಮೀಟರ್ ಉದ್ದದ ಬಾಯ್ಲರ್ ಪೀಪಾಯಿಯ ಒಳಮೈಗೆಲ್ಲ ಲೆಕ್ಕ ಹಾಕಿದರೆ 3,100 ಟನ್ ದಾಟುತ್ತದೆ. ಐದು ಟನ್ನಿನ ಆನೆಗಳಾದರೆ 620ಕ್ಕೂ ಹೆಚ್ಚು. ಕರ್ನಾಟಕದ ಕಾಡಿನಲ್ಲಿರುವ ಆನೆಗಳಲ್ಲಿ ಹತ್ತಕ್ಕೊಂದನ್ನು ಕರೆತಂದು ಒಂದು ಪೀಪಾಯಿಗೆ ಒರಗಿಸಿದ ಹಾಗೆ.

ಪೀಪಾಯಿ ಸೀಳಿತೋ, ಒಳಗಿನ 5,000 ಲೀಟರ್ ನೀರಿನಲ್ಲಿ ಸುಮಾರು 800 ಲೀಟರ್ ರೆಪ್ಪೆ ಬಡಿಯುವುದರೊಳಗೆ ಹಬೆಯಾಗುತ್ತದೆ: 13 ಲಕ್ಷ ಲೀಟರ್, 260 ನೀರಿನ ಟ್ಯಾಂಕರ್! ಕಲ್ಕತ್ತ 1863ರಲ್ಲೇ ಇಂಥದ್ದನ್ನು ಕಂಡು ಜೀವಗಳನ್ನು ಕಳೆದುಕೊಂಡಿತು. ಮರುವರ್ಷ ಬಂಗಾಳದಲ್ಲಿ ಬಾಯ್ಲರ್ ಕಾನೂನು ಬಂತು. ದೇಶಕ್ಕೆಲ್ಲ ಒಂದೇ ಕಾನೂನು ಬರಲು 1923 ಆಯಿತು. (ಬಂಗಾಳಿಗರೂ ಬಾಯ್ಲರೂ ಸಿಂಧನೂರಿನಲ್ಲೇ ಮೊದಲು ಭೇಟಿಯಾದದ್ದಲ್ಲ!)

ಇದೇ ದೊಡ್ಡದೆನಿಸಿತೆ? ಇದೇ ರಾಯಚೂರು ಜಿಲ್ಲೆಯ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರಕ್ಕೆ ಬನ್ನಿ. ಅಲ್ಲಿ ಎಂಟು ಘಟಕ, 1,720 ಮೆಗಾವಾಟ್. 210 ಮೆಗಾವಾಟ್‌ನ ಒಂದು ಘಟಕದ ಬಾಯ್ಲರ್ ಗಂಟೆಗೆ 700 ಟನ್ನಿನಷ್ಟು ಹಬೆ ಉಗುಳುತ್ತದೆ. ನಾಲ್ಕು ಸೆಕೆಂಡಿಗೊಂದು ಅಂಬಾರಿ ತೂಕದ ಹಬೆ, ಹಗಲೂ ರಾತ್ರಿ! ಇದೇ ಜಿಲ್ಲೆಯ ಯರಮರಸ್ ಸ್ಥಾವರದ 800 ಮೆಗಾವಾಟ್ ಘಟಕದ್ದು ಹೆಚ್ಚುಕಮ್ಮಿ ಸೆಕೆಂಡಿಗೊಂದು ಅಂಬಾರಿ. ಅಲ್ಲಿ ಒತ್ತಡ ಚದರ ಸೆಂಟಿಮೀಟರಿಗೆ 250 ಕಿಲೋ ಆಸುಪಾಸು; ಅಂಗೈ ಮೇಲೆ ಐವತ್ತು ಅಂಬಾರಿ. ಆ ಒತ್ತಡದಲ್ಲಿ ನೀರು ಕುದಿಯುವುದೇ ಇಲ್ಲ, ಒಂದು ಗುಳ್ಳೆಯೂ ಏಳುವುದಿಲ್ಲ.

ಮತ್ತೆ ಮಿಲ್ಲಿಗೆ ಬರೋಣ. ಆ 620 ಆನೆಗಳ ಮೇಲೆ ಕಣ್ಣಿಡಲು ಇರುವುದು ಮೊಳದುದ್ದವೂ ಇಲ್ಲದ ಒಂದು ಗಾಜಿನ ನಳಿಗೆ, ಗೇಜ್ ಗ್ಲಾಸ್. ಅದರಲ್ಲಿ ನೀರಿನ ಮಟ್ಟ ಕಾಣಬೇಕು. ಕಾಣದಿದ್ದರೆ ಗಾಬರಿಯಲ್ಲಿ ಪಂಪ್ ಚಾಲೂ ಮಾಡಿ ಕೆಂಪಗೆ ಕಾದ ಕಬ್ಬಿಣದ ಮೇಲೆ ತಣ್ಣೀರು ಬಿಡಬೇಡಿ, 1,670 ಪಟ್ಟಿನ ಲೆಕ್ಕ ನೆನಪಿರಲಿ. ಮೊದಲು ಹೊಟ್ಟು ಹಾಕುವುದನ್ನು ನಿಲ್ಲಿಸಿ, ಬೆಂಕಿ ಆರಿಸಿ, ದೂರ ಸರಿಯಿರಿ.