ಮಾತಿನ ಮನೆಗೆ ಒಂದು ಅರ್ಜಿ

ಮೈಸೂರಿನಲ್ಲಿ ಬೋಗಾದಿ ರಸ್ತೆ ಕಡೆಯ ಬಸ್ಸು ಹತ್ತಿ ‘ಸ್ಪೀಚ್ ಅಂಡ್ ಹಿಯರಿಂಗ್’ ಅಂದರೆ ಸಾಕು, ಕಂಡಕ್ಟರಿಗೆ ಗೊತ್ತಾಗುತ್ತದೆ. ಅದರ ಕನ್ನಡ ಹೆಸರು ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಅಲ್ಲಿ ಓದುವ ಹುಡುಗ ಹುಡುಗಿಯರ ಬಾಯಲ್ಲಿ ‘ಆಯಿಷ್’. ಬೆಳಿಗ್ಗೆ ಹೊತ್ತೇರುವ ಮೊದಲೇ ಹೊರರೋಗಿಗಳ ವಿಭಾಗದ ಬೆಂಚುಗಳು ತುಂಬಿರುತ್ತವೆ. ಮೂರು ವರ್ಷವಾದರೂ ‘ಅಮ್ಮ’ ಎನ್ನದ ಮಗುವನ್ನು ಸೊಂಟಕ್ಕೇರಿಸಿಕೊಂಡು ರಾತ್ರಿ ಬಸ್ಸಿನಲ್ಲಿ ಬಂದ ತಾಯಿ. ಹೆಸರು ಕೇಳಿದರೆ ಮೊದಲಕ್ಷರದಲ್ಲೇ ಸಿಕ್ಕಿಕೊಳ್ಳುವ ಕಾಲೇಜು ಹುಡುಗ. ಸೀಳಂಗುಳಕ್ಕೆ ಶಸ್ತ್ರಚಿಕಿತ್ಸೆಯಾದ ಮೇಲೂ ಮೂಗಿನಿಂದಲೇ ಮಾತು ಹೊರಡುವ ಬಾಲಕಿ. ಪಾಠ ಹೇಳಿ ಹೇಳಿ ದನಿ ಒಡೆದುಹೋದ ಶಾಲೆಯ ಮೇಡಂ.

ನಾನು ಆ ಬೆಂಚಿನ ಮೇಲೆ ಮೊದಲು ಕೂತದ್ದು ನಮ್ಮ ಅಪ್ಪನ ಜೊತೆ. ಅವರು ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದ ಮೇಷ್ಟ್ರು. ಒಂದು ದಿನ ಬೆಳಿಗ್ಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಎರಡು ತಿಂಗಳಲ್ಲಿ ಹೆಚ್ಚುಕಡಿಮೆ ಸರಿಹೋದವು. ಮಾತು ಬರಲಿಲ್ಲ. ಅವರ ಜೀವ ಉಳಿಸಿದ ಆಸ್ಪತ್ರೆಗೆ ನಾವು ಋಣಿಗಳೇ. ಆದರೆ ಬಿ.ಪಿ. ಮಾತ್ರೆ, ಉಪ್ಪು ಕಡಿಮೆ ಊಟ, ಫಿಸಿಯೋಥೆರಪಿ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಟ್ಟವರು ಮಾತಿಗೂ ಚಿಕಿತ್ಸೆ ಇದೆ ಎಂದು ಒಂದು ಸಾಲು ಬರೆಯಲಿಲ್ಲ. ಕೇಳಿದಾಗ ‘ಹೋಗ್ತಾ ಹೋಗ್ತಾ ಬರುತ್ತೆ’ ಅಂದರು. ಹೀಗೆ ಏಳು ತಿಂಗಳು ಕಳೆದೆವು. ಮೆದುಳಿಗೆ ಪೆಟ್ಟು ಬಿದ್ದ ಮೊದಲ ತಿಂಗಳುಗಳಲ್ಲೇ ಚೇತರಿಕೆಯ ವೇಗ ಹೆಚ್ಚು ಎಂದು ಆಮೇಲೆ ತಿಳಿದು ಹೊಟ್ಟೆ ಉರಿಯಿತು. ಆ ಸಂಕಟ ಇವತ್ತಿಗೂ ಆರಿಲ್ಲ. ಈ ಲೇಖನ ಬರೆಯುವುದಕ್ಕೆ ಅದೂ ಒಂದು ಕಾರಣ.

ಅಪ್ಪನಿಗೆ ಬಂದದ್ದರ ಹೆಸರು ಅಫೇಸಿಯಾ. ಬುದ್ಧಿ ಹೋಗಿರುವುದಿಲ್ಲ, ನಾಲಿಗೆ ಕೆಟ್ಟಿರುವುದಿಲ್ಲ. ಹೇಳಬೇಕಾದದ್ದು ಮನಸ್ಸಿನಲ್ಲಿರುತ್ತದೆ, ಅದಕ್ಕೆ ತಕ್ಕ ಪದ ಮಾತ್ರ ಕೈಗೆ ಸಿಗುವುದಿಲ್ಲ. 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ ಎಂಬ ವೈದ್ಯ, ಮಾತು ಕಳೆದುಕೊಂಡು ತೀರಿಹೋದ ರೋಗಿಯೊಬ್ಬನ ಮೆದುಳಿನ ಎಡಭಾಗದಲ್ಲಿ ಗಾಯ ಇರುವುದನ್ನು ತೋರಿಸಿಕೊಟ್ಟ. ಈ ವಿದ್ಯೆಯ ಕತೆ ಹೇಳುವವರೆಲ್ಲ ಸಾಮಾನ್ಯವಾಗಿ ಅಲ್ಲಿಂದಲೇ ಶುರು ಮಾಡುತ್ತಾರೆ. ಅಪ್ಪ ಸೋಮವಾರ, ಮಂಗಳವಾರ ಎಂದು ಏಳು ದಿನವನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದರು. ದಾಸರ ಪದದ ಪಲ್ಲವಿಯನ್ನು ತಪ್ಪಿಲ್ಲದೆ ಹಾಡುತ್ತಿದ್ದರು. ಆದರೆ ‘ಇವತ್ತು ಯಾವ ವಾರ?’ ಎಂದು ಕೇಳಿದರೆ ಮುಖ ಕೆಂಪಗಾಗಿ ‘ಅದು... ಅದು...’ ಎನ್ನುತ್ತಿದ್ದರು. ಬಾಯಿಪಾಠವಾಗಿ ಬಂದದ್ದು ಉಳಿಯುವುದು, ಬೇಕೆಂದು ಹುಡುಕಿದ ಪದ ಸಿಗದಿರುವುದು ಈ ತೊಂದರೆಯಲ್ಲಿ ಸಾಮಾನ್ಯವಂತೆ. ನಮಗೆ ಅದು ಗೊತ್ತಿರದೆ, ‘ಹಾಡ್ತಾರೆ, ಮಾತಾಡೋಕೆ ಮಾತ್ರ ಹಟ’ ಎಂದು ಮನೆಯಲ್ಲಿ ಬೇಜಾರು ಪಟ್ಟುಕೊಂಡದ್ದುಂಟು.

ಅವರಿಗೆ ಥೆರಪಿ ಮಾಡಲು ಬಂದವಳು ಪಟ್ನಾದ ಹುಡುಗಿ. ಎಂ.ಎಸ್ಸಿ. ಎರಡನೇ ವರ್ಷ. ಮೈಸೂರಿಗೆ ಬಂದ ಮೇಲೆ ಕಲಿತ ಕನ್ನಡ ಅವಳದು. ಕನ್ನಡ ಪದಗಳನ್ನು ದೇವನಾಗರಿಯಲ್ಲಿ ಬರೆದುಕೊಂಡ ಒಂದು ಉದ್ದನೆಯ ನೋಟ್‌ಬುಕ್ ಸದಾ ಕೈಯಲ್ಲಿರುತ್ತಿತ್ತು. ಪುಟ್ಟ ಕೋಣೆ, ಒಂದು ಮೇಜು, ಎರಡು ಕುರ್ಚಿ, ಗೋಡೆಗೊಂದು ಕನ್ನಡಿ. ಮೂಲೆಯಲ್ಲಿ ನಾನು. ಮೂರನೇ ವಾರವೋ ನಾಲ್ಕನೇ ವಾರವೋ, ಅವಳು ಒಂದು ಚಿತ್ರ ತೋರಿಸಿದಳು. ಅಪ್ಪನಿಗೆ ಹೊಳೆಯಲಿಲ್ಲ. ಸ್ವಲ್ಪ ಹೊತ್ತು ಕಾದು ತಾನೇ ಮೊದಲಕ್ಷರ ಕೊಟ್ಟಳು: ‘ಬಾ...’ ಅದಕ್ಕೂ ಬಾರದಿದ್ದಾಗ ಪೂರ್ತಿ ಹೇಳಿದಳು: ‘ಬಾಲೆಹಣ್ಣು.’

ಹಿಂದಿಯಲ್ಲಿ ಬೆಳೆದ ನಾಲಿಗೆಗೆ ‘ಳ’ ಸುಲಭಕ್ಕೆ ಬರುವುದಿಲ್ಲ. ಅಪ್ಪ ತಲೆಯೆತ್ತಿದರು. ಬೇಡ ಎನ್ನುವಂತೆ ಎಡಗೈ ಆಡಿಸಿದರು. ಬಾಯಿ ಅಗಲಿಸಿ, ನಾಲಿಗೆಯ ತುದಿಯನ್ನು ಅಂಗುಳಕ್ಕೆ ಮಡಿಚಿ ಅವಳಿಗೆ ಕಾಣುವಂತೆ ಹಿಡಿದು, ‘ಳ’ ಎಂದರು. ಅವಳು ಕನ್ನಡಿ ನೋಡಿಕೊಂಡು ‘ಲ’ ಎಂದಳು. ‘ಳ... ಬಾಳೆ’ ಎಂದರು ಅಪ್ಪ. ಏಳೆಂಟು ತಿಂಗಳಲ್ಲಿ ಅವರು ತಾವಾಗಿ ಬಯಸಿ ಆಡಿದ ಮೊದಲ ಪದ ಅದು. ಅವಳು ಥೆರಪಿಯ ಹಾಳೆಯನ್ನು ಪಕ್ಕಕ್ಕಿಟ್ಟು, ‘ಇನ್ನೊಂದು ಸಲ ಹೇಳಿಕೊಡಿ, ಮೇಷ್ಟ್ರೇ’ ಎಂದಳು. ಅವತ್ತಿನಿಂದ ಅರ್ಧ ಗಂಟೆ ಅವಳು ಅವರಿಗೆ, ಹತ್ತು ನಿಮಿಷ ಅವರು ಅವಳಿಗೆ. ಕಾಲು–ಕಾಳು, ಹಾಲು–ಹಾಳು, ಹಲ್ಲಿ–ಹಳ್ಳಿ.

ಇಂಥ ಹುಡುಗಿಯರು ಎಲ್ಲಿ, ಹೇಗೆ ತಯಾರಾಗುತ್ತಾರೆ ಎಂದು ಆಗ ವಿಚಾರಿಸತೊಡಗಿದೆ.

ಸಂಸ್ಥೆ ಹುಟ್ಟಿದ್ದು 1965ರಲ್ಲಿ. ಆಗಿನ ಹೆಸರು ಅಖಿಲ ಭಾರತ ಲೋಗೋಪೆಡಿಕ್ಸ್ ಸಂಸ್ಥೆ. ಕೇಂದ್ರ ಆರೋಗ್ಯ ಸಚಿವಾಲಯದ ಅಧೀನ. 1966ರಲ್ಲಿ ಕಟ್ಟಡಕ್ಕೆ ಅಡಿಗಲ್ಲಿಟ್ಟವರು ರಾಷ್ಟ್ರಪತಿ ರಾಧಾಕೃಷ್ಣನ್, ಅದಕ್ಕೂ ಸುಮಾರು ಅರ್ಧ ಶತಮಾನದ ಹಿಂದೆ ಇದೇ ಊರಿನ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರದ ಪಾಠ ಹೇಳಿದ್ದವರು. ಕುವೆಂಪು ಹೆಸರಿಟ್ಟ ಮಾನಸಗಂಗೋತ್ರಿಯ ಮಗ್ಗುಲಲ್ಲೇ ಸಂಸ್ಥೆ ಬೆಳೆಯಿತು. ಇಲ್ಲಿ ಮೊದಲು ಶುರುವಾದದ್ದು ಸ್ನಾತಕೋತ್ತರ ತರಗತಿ, ಪದವಿ ತರಗತಿ ಬಂದದ್ದು ಆಮೇಲೆ. ಕಲಿಸುವವರೇ ಇಲ್ಲದ ದೇಶದಲ್ಲಿ ಮೊದಲು ಕಲಿಸುವವರನ್ನು ತಯಾರು ಮಾಡಬೇಕಿತ್ತು. ನಿರ್ದೇಶಕರಾಗಿದ್ದ ನ. ರತ್ನ ಅವರನ್ನು ಮೈಸೂರಿಗರು ನಾಟಕಕಾರರೆಂದು, ‘ಸಮತೆಂತೋ’ ರಂಗತಂಡದವರೆಂದು ಹೆಚ್ಚು ಬಲ್ಲರು. ಮಾತಿನ ವೈದ್ಯರೊಬ್ಬರು ನಾಟಕ ಬರೆದದ್ದು ನನಗಂತೂ ತೀರ ಸಹಜವಾಗಿ ಕಾಣುತ್ತದೆ.

ಈಗಿನ ದಾರಿ ಹೀಗಿದೆ. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವರು ಬಿ.ಎ.ಎಸ್.ಎಲ್.ಪಿ. ಎಂಬ ನಾಲ್ಕು ವರ್ಷದ ಪದವಿಗೆ ಸೇರುತ್ತಾರೆ. ಮೂರು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಆಮೇಲೆ 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡರೆ ಕೆಲಸ ಮಾಡಬಹುದು. ಮುಂದೆ ಓದುವವರಿಗೆ ಎರಡು ವರ್ಷದ ಎಂ.ಎಸ್ಸಿ. ಹಿಂದೆ ವಾಕ್ ಮತ್ತು ಶ್ರವಣ ಎರಡೂ ಕೂಡಿದ ಒಂದೇ ಎಂ.ಎಸ್ಸಿ. ಇತ್ತು. ಈಗ ಬೇರೆ ಬೇರೆ: ಒಂದು ಆಡಿಯಾಲಜಿ, ಇನ್ನೊಂದು ಸ್ಪೀಚ್ ಲ್ಯಾಂಗ್ವೇಜ್ ಪೆಥಾಲಜಿ.

ಅರ್ಜಿಯ ಹೊತ್ತಿಗೆ ಮಕ್ಕಳ ತಲೆ ಕೆಡಿಸುವುದು ಈ ಕವಲು. ಬಿ.ಎ.ಎಸ್.ಎಲ್.ಪಿ.ಗೆ ಬಂದವರಲ್ಲಿ ಅನೇಕರು ಮೆಡಿಕಲ್ ಸೀಟು ಸಿಗದೆ ಬಂದವರು. ಅದನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಎಂ.ಎಸ್ಸಿ.ಗೆ ಅರ್ಜಿ ಹಾಕುವಾಗಲೇ ಅವರು ಈ ವಿದ್ಯೆಯನ್ನು ಮೊದಲ ಸಲ ಮನಸಾರೆ ಆರಿಸಿಕೊಳ್ಳುವುದು. ಆಡಿಯಾಲಜಿಯಲ್ಲಿ ಯಂತ್ರದ ಆಸರೆ ಇದೆ: ನವಜಾತ ಶಿಶುವಿನ ಕಿವಿ ಪರೀಕ್ಷಿಸುವ ಉಪಕರಣ, ಶ್ರವಣ ಸಾಧನ, ಕಾಕ್ಲಿಯರ್ ಇಂಪ್ಲಾಂಟ್. ಪರದೆಯ ಮೇಲೆ ಗೆರೆ ಮೂಡುತ್ತದೆ, ಫಲ ಕಣ್ಣಿಗೆ ಕಾಣುತ್ತದೆ. ಮಾತಿನ ಕಡೆ ಹೋದವರಿಗೆ ಕೈಯಲ್ಲಿರುವುದು ಚಿತ್ರ, ಕನ್ನಡಿ, ಆಟದ ಸಾಮಾನು, ಮತ್ತೆ ಸಹನೆ. ಒಂದು ಪದಕ್ಕೆ ಮೂರು ತಿಂಗಳು ಹಿಡಿಯಬಹುದು. ಎರಡರಲ್ಲಿ ಯಾವುದೂ ಕಡಿಮೆಯಲ್ಲ. ಆದರೆ ಸಂಬಳ ಯಾವುದರಲ್ಲಿ ಜಾಸ್ತಿ ಎಂದು ಕೇಳಿಯೇ ಆರಿಸುವ ಹುಡುಗರನ್ನು ಕಂಡಾಗ, ಒಂದು ವಾರ ಥೆರಪಿ ಕೋಣೆಯ ಮೂಲೆಯಲ್ಲಿ ಸುಮ್ಮನೆ ಕೂತು ನೋಡಿ ಬನ್ನಿ ಎಂದು ಹೇಳಬೇಕೆನಿಸುತ್ತದೆ.

ಮೈಸೂರಿನ ಸಂಸ್ಥೆಗೆ ಪ್ರವೇಶ ಪರೀಕ್ಷೆ ಇದೆ, ದೇಶದ ಬೇರೆ ಬೇರೆ ಊರುಗಳಲ್ಲಿ ಬರೆಯಬಹುದು. ಪ್ರಶ್ನೆಗಳು ಪದವಿಯಲ್ಲಿ ಓದಿದ್ದರಿಂದಲೇ ಬರುತ್ತವೆ. ಪದವಿ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ಕಾಲೇಜಿನದಾಗಿರಬೇಕು. ಸೇರುವ ಹೊತ್ತಿಗೆ ಇಂಟರ್ನ್‌ಶಿಪ್ ಮುಗಿದಿರಬೇಕು. ಅಂಕಪಟ್ಟಿ, ಇಂಟರ್ನ್‌ಶಿಪ್ ಪ್ರಮಾಣಪತ್ರ, ಮೀಸಲಾತಿ ಇದ್ದರೆ ಅದರ ಪತ್ರ ಮೊದಲೇ ಜೋಡಿಸಿಟ್ಟುಕೊಳ್ಳುವುದು ಒಳ್ಳೆಯದು. ದಿನಾಂಕ, ಶುಲ್ಕ ವರ್ಷವರ್ಷ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ನೋಡಬೇಕು. ಮಣಿಪಾಲ, ಮಂಗಳೂರು, ಬೆಂಗಳೂರುಗಳಲ್ಲೂ ವಾಕ್ ಶ್ರವಣ ಕಾಲೇಜುಗಳಿವೆ. ಜೆ.ಎಸ್.ಎಸ್. ಸಂಸ್ಥೆಯ ಕಾಲೇಜು ಮೈಸೂರು, ಧಾರವಾಡ ಎರಡೂ ಕಡೆ ಇದೆ. ಪ್ರವೇಶದ ಕ್ರಮ ಒಂದೊಂದು ಕಡೆ ಒಂದೊಂದು ಥರ.

ಮಾತಿನ ಕಡೆಯ ಎಂ.ಎಸ್ಸಿ.ಯಲ್ಲಿ ಓದುವುದೇನು? ಉಗ್ಗು, ದನಿಯ ತೊಂದರೆ, ಅಫೇಸಿಯಾ, ಮಕ್ಕಳಲ್ಲಿ ಭಾಷೆ ತಡವಾಗುವುದು, ಆಟಿಸಂ, ಸೆರೆಬ್ರಲ್ ಪಾಲ್ಸಿಯ ಮಕ್ಕಳ ಮಾತು. ನುಂಗುವ ತೊಂದರೆಯೂ ಇವರದೇ ಪಾಲು ಎಂಬುದು ನನಗೆ ಹೊಸ ಸಂಗತಿ. ಪಾರ್ಶ್ವವಾಯು ಹೊಡೆದವರಿಗೆ ಗಂಜಿ ಕೂಡ ಶ್ವಾಸಕೋಶದ ದಾರಿ ಹಿಡಿಯಬಹುದು. ಅದನ್ನು ಪರೀಕ್ಷಿಸಿ, ಯಾವ ಹದದ ಆಹಾರ, ತಲೆ ಹೇಗಿಟ್ಟುಕೊಂಡು ನುಂಗಬೇಕು ಎಂದು ಹೇಳಿಕೊಡುವವರು ಇವರು. ಮಾತು ಬಾರದೇ ಇರುವವರಿಗೆ ಚಿತ್ರದ ಹಲಗೆ, ಟ್ಯಾಬ್ಲೆಟ್ ಮೂಲಕ ಸಂವಹನ ಕಲಿಸುವುದೂ ಒಂದು ವಿಷಯ. ಇದರ ಜೊತೆಗೆ ದಿನವೂ ಕ್ಲಿನಿಕ್, ಕೊನೆಗೊಂದು ಸಂಶೋಧನಾ ಪ್ರಬಂಧ.

ಆ ಪ್ರಬಂಧಗಳ ಮಾತು ಬಂದಾಗ ಕನ್ನಡದ ಮಾತೂ ಬರಬೇಕು. ಇಂಗ್ಲಿಷ್ ಮಕ್ಕಳಿಗೆಂದು ಮಾಡಿದ ಪರೀಕ್ಷೆಯನ್ನು ಅನುವಾದಿಸಿ ನಮ್ಮ ಮಗುವಿನ ಮುಂದಿಟ್ಟರೆ ಉಪಯೋಗವಿಲ್ಲ. ಕನ್ನಡದಲ್ಲಿ ಒಂದು ಸ್ವರ ಎಳೆದರೆ ಬಳೆ ಹೋಗಿ ಬಾಳೆಯಾಗುತ್ತದೆ. ಒಂದು ಒತ್ತು ಬಿದ್ದರೆ ಕತೆ ಹೋಗಿ ಕತ್ತೆಯಾಗುತ್ತದೆ. ಮಗು ಇವನ್ನು ಬೇರೆ ಬೇರೆಯಾಗಿ ಕೇಳುತ್ತಿದೆಯೇ, ಹೇಳುತ್ತಿದೆಯೇ ಎಂದು ಕನ್ನಡದ ಪದಗಳಿಂದಲೇ ಅಳೆಯಬೇಕು. ಕನ್ನಡದ ಉಚ್ಚಾರಣಾ ಪರೀಕ್ಷೆಯೊಂದು 1972ರಲ್ಲೇ ಮೈಸೂರಿನಲ್ಲಿ ತಯಾರಾಯಿತು. ಬೆಂಗಳೂರಿನಲ್ಲಿ ಮಾತು ತಡವಾದ ಮಕ್ಕಳಿಗೆಂದು ‘ಕಾಮ್ ಡೀಲ್’ ಕಟ್ಟಿದ ಪ್ರತಿಭಾ ಕಾರಂತ ಮತ್ತು ಅವರ ಸಂಗಡಿಗರು, ಕನ್ನಡ ಲಿಪಿಯಲ್ಲಿ ಓದು ಕಲಿಯುವ ಮಕ್ಕಳಿಗೆ ಇಂಗ್ಲಿಷ್ ಓದಿನ ಸಿದ್ಧಾಂತ ಹಾಗೆಹಾಗೇ ಒಗ್ಗುವುದಿಲ್ಲ ಎಂದು ತೋರಿಸಿದರು. ನಾವು ಕಾಗುಣಿತದಲ್ಲಿ ಅಕ್ಷರವನ್ನು ಇಡಿಯಾಗಿ ಕಲಿಯುತ್ತೇವೆ, ವ್ಯಂಜನ ಬೇರೆ ಸ್ವರ ಬೇರೆ ಎಂದು ಬಿಡಿಸಿ ಕಲಿಯುವುದಿಲ್ಲ. ಈ ಒಂದು ವ್ಯತ್ಯಾಸದಿಂದ ಎಷ್ಟೋ ಲೆಕ್ಕ ತಲೆಕೆಳಗಾಗುತ್ತದೆ.

ಕನ್ನಡವೂ ಒಂದೇ ಥರ ಇಲ್ಲ. ರಾಯಚೂರಿನ ತಾಯಿ ಮನೆಯಲ್ಲಿ ‘ನೀರ ಕುಡೀತಿ ಏನ?’ ಎನ್ನುತ್ತಾಳೆ. ಕುಂದಾಪುರದ ಅಜ್ಜಿಯ ಮಾತು ಬೇರೆ. ಮಗುವಿಗೆ ಮನೆಯ ಮಾತು ಕಲಿಸಬೇಕೇ ಹೊರತು ಪಠ್ಯಪುಸ್ತಕದ ಮಾತನ್ನಲ್ಲ. ಮೈಸೂರಿನ ಸಂಸ್ಥೆಯ ಪ್ರಿಸ್ಕೂಲಿನಲ್ಲಿ ಮಗುವಿನ ಜೊತೆ ತಾಯಂದಿರನ್ನೂ ಕೂರಿಸಿ ಕಲಿಸುವುದು ಅದಕ್ಕೇ ನನಗೆ ಬಹಳ ಹಿಡಿಸಿತು. ಹಿಟ್ಟು ನಾದುವಾಗ, ಸ್ನಾನ ಮಾಡಿಸುವಾಗ ಮಗುವಿನೊಡನೆ ಏನು ಮಾತಾಡಬೇಕು ಎಂದು ಅವರು ಕಲಿತು ಹೋಗುತ್ತಾರೆ. ಊರಿಗೆ ಮರಳಿದ ಮೇಲೆ ಥೆರಪಿ ಮುಂದುವರಿಸುವವರು ಅವರೇ.

2011ರ ಜನಗಣತಿಯಲ್ಲಿ ದೇಶದಲ್ಲಿ ಶ್ರವಣದೋಷವುಳ್ಳವರು 50 ಲಕ್ಷದ ಮೇಲೆ, ಮಾತಿನ ದೋಷವುಳ್ಳವರು ಸುಮಾರು 20 ಲಕ್ಷ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ವಾಕ್ ಮತ್ತು ಭಾಷೆಯ ವೈಕಲ್ಯವನ್ನು ತನ್ನ 21 ಬಗೆಗಳಲ್ಲಿ ಸೇರಿಸಿಕೊಂಡಿದೆ. ಹಕ್ಕು ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ಕನ್ನಡ ಬಲ್ಲ ವಾಕ್ ತಜ್ಞರು ಬೇಕಲ್ಲ.

ಓದಿದವರಲ್ಲಿ ಒಂದಷ್ಟು ಮಂದಿ ಅಮೆರಿಕಕ್ಕೆ ಹೋಗುತ್ತಾರೆ. ಅಲ್ಲಿ ಪದವಿ ಸಾಲದು, ಈ ವೃತ್ತಿಗೆ ಸ್ನಾತಕೋತ್ತರವೇ ಬೇಕು. ಅರ್ಜಿಯ ಜೊತೆ ಶಿಫಾರಸು ಪತ್ರ, ಯಾಕೆ ಓದಬೇಕೆಂದಿದ್ದೀರಿ ಎಂಬ ಪ್ರಬಂಧ ಕೇಳುತ್ತಾರೆ. ವೃತ್ತಿ ಪ್ರಮಾಣಪತ್ರಕ್ಕೆ 400 ಗಂಟೆಗಳ ಕ್ಲಿನಿಕ್ ಅನುಭವ, ಪ್ರಾಕ್ಸಿಸ್ ಪರೀಕ್ಷೆ, ಓದು ಮುಗಿದ ಮೇಲೆ ಸುಮಾರು ಒಂಬತ್ತು ತಿಂಗಳ ಮೇಲ್ವಿಚಾರಣೆಯ ಕೆಲಸ. ಹೋಗುವವರ ಮೇಲೆ ನನಗೆ ದೂರಿಲ್ಲ, ಅಲ್ಲಿನ ಕನ್ನಡ ಮನೆಗಳಲ್ಲೂ ಮಾತು ತಡವಾದ ಮಕ್ಕಳಿದ್ದಾರೆ. ‘ಮನೆಯಲ್ಲಿ ಕನ್ನಡ ಬಿಟ್ಟು ಬರೀ ಇಂಗ್ಲಿಷ್ ಆಡಿ’ ಎಂಬ ಬಿಟ್ಟಿ ಸಲಹೆ ಆ ಮನೆಗಳಿಗೆ ಸಿಗುತ್ತಲೇ ಇರುತ್ತದೆ. ಎರಡು ಭಾಷೆ ಕೇಳಿ ಬೆಳೆದದ್ದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ ಎಂದು ಆ ತಂದೆತಾಯಿಗೆ ಧೈರ್ಯ ಹೇಳಲು ಕನ್ನಡ ಬಲ್ಲ ಥೆರಪಿಸ್ಟ್ ಅಲ್ಲಿಯೂ ಬೇಕು.

ಕಳೆದ ವರ್ಷ ನಮ್ಮ ಬೀದಿಯ ಹುಡುಗಿಯೊಬ್ಬಳು ಇಂಟರ್ನ್‌ಶಿಪ್ ಮುಗಿಸಿ ಬಂದಿದ್ದಳು. ಎಂ.ಎಸ್ಸಿ. ಅರ್ಜಿಯ ಪ್ರತಿ ಹಿಡಿದುಕೊಂಡು, ಕಿವಿಯೋ ಮಾತೋ ಎಂದು ನನ್ನ ಹತ್ತಿರ ಚರ್ಚೆ ಮಾಡಲು ಕೂತಿದ್ದಳು. ಪಕ್ಕದಲ್ಲಿ ಪೇಪರ್ ಮಡಿಲಲ್ಲಿಟ್ಟುಕೊಂಡಿದ್ದ ಅಪ್ಪ ಅವಳ ಕಡೆ ತಿರುಗಿ ‘ಅದು... ಅದು ಕೊಡಮ್ಮ’ ಎಂದರು. ಕನ್ನಡಕ ಎದುರಿನ ಟೀಪಾಯಿಯ ಮೇಲೇ ಇತ್ತು. ಬೇಕಾದದ್ದು ಅದೇ ಎಂದು ನಮಗೆಲ್ಲ ಗೊತ್ತು. ಅಮ್ಮ ಅಡುಗೆಮನೆಯಿಂದ ಧಾವಿಸಿ ಬಂದರು. ಹುಡುಗಿ ಕೈಯೆತ್ತಿ ಅಮ್ಮನನ್ನು ಅಲ್ಲೇ ನಿಲ್ಲಿಸಿದಳು. ಅಪ್ಪನ ಮುಖವನ್ನೇ ನೋಡುತ್ತಾ ಕೂತಳು. ನಾನು ಬಾಯಿ ತೆರೆದದ್ದಕ್ಕೆ ನನ್ನನ್ನೂ ಕಣ್ಣಲ್ಲೇ ಸುಮ್ಮನಾಗಿಸಿದಳು. ಅರ್ಧ ನಿಮಿಷ ಹೋಗಿರಬೇಕು.

‘ಕ... ಕನ್ನ... ಕನ್ನಡಕ.’

ಅವಳು ಎದ್ದು ತಂದುಕೊಟ್ಟಳು. ಅಪ್ಪ ಅದನ್ನು ಏರಿಸಿಕೊಂಡು, ಪೇಪರ್ ಬದಿಗಿಟ್ಟು, ಅವಳ ಅರ್ಜಿಯನ್ನು ಎಳೆದುಕೊಂಡರು. ಬೆರಳಿಟ್ಟು ಮೇಲಿನಿಂದ ಒಂದೊಂದೇ ಸಾಲು ನೋಡುತ್ತಾ ಹೋದರು. ಕೋರ್ಸಿನ ಆಯ್ಕೆಯ ಜಾಗ ಬಂದಾಗ ಬೆರಳು ನಿಂತಿತು. ಅವಳು ಅಪ್ಪನ ಜೇಬಿನಿಂದ ಪೆನ್ನು ತೆಗೆದುಕೊಂಡಳು.