ಮಂಗಳವಿಲ್ಲದ ಕಥೆ

ಹರಿಕಥೆಗೆ ಹೋದವರು ನಡುವೆ ಎದ್ದು ಬರಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಎಷ್ಟೇ ತೂಕಡಿಕೆ ಬಂದರೂ ಮಂಗಳಾರತಿಯಾಗುವವರೆಗೆ ಕುಳಿತಿರಬೇಕು. ಆ ಕಟ್ಟುಪಾಡಿನ ಹಿಂದೆ ಒಂದು ನಂಬಿಕೆಯಿತ್ತು: ದಾಸರು ಕಥೆಯನ್ನು ಎಲ್ಲಿಗೆ ಕೊಂಡೊಯ್ದರೂ ಕೊನೆಗೆ ಮಂಗಳ ಹಾಡಿಯೇ ಹಾಡುವರೆಂಬುದು. ಟೆಲಿವಿಷನ್ ಧಾರಾವಾಹಿಯಲ್ಲಿ ಈ ಭರವಸೆಯೇ ಇಲ್ಲ. ಜನ ನೋಡುತ್ತಿರುವಷ್ಟು ಕಾಲ ಕಥೆ ನಡೆಯುತ್ತದೆ. ಕಥೆ ನಡೆಯುತ್ತಿದೆಯೆಂದು ಜನ ನೋಡುತ್ತಾರೆ. ಹೀಗಿರುವಾಗ, ಏಳಬೇಕಾದ ಹೊತ್ತು ಯಾವುದೆಂಬುದನ್ನು ಪ್ರೇಕ್ಷಕನೇ ನಿರ್ಧರಿಸಿಕೊಳ್ಳಬೇಕಾಗಿದೆ.

ಅಮೆರಿಕದಲ್ಲಿ ಈ ಹೊತ್ತಿಗೆ ಒಂದು ನುಡಿಗಟ್ಟೇ ಹುಟ್ಟಿಕೊಂಡಿದೆ. 1974ರಲ್ಲಿ ಅಲ್ಲಿ 'ಹ್ಯಾಪಿ ಡೇಸ್' ಎಂಬ ಹಾಸ್ಯ ಧಾರಾವಾಹಿ ಆರಂಭವಾಯಿತು. ಮಿಲ್ವಾಕಿ ನಗರದ ಒಂದು ಮಧ್ಯಮವರ್ಗದ ಸಂಸಾರ. ಆ ಮನೆಯ ಮಗನ ಗೆಳೆಯ ಫಾಂಜಿ, ಚರ್ಮದ ಕೋಟು ತೊಟ್ಟ ಮೋಟಾರು ಸೈಕಲ್ ಸವಾರ. 1975ರ ಒಂದು ಕಥೆಯಲ್ಲಿ ಅವನು ಕಸದ ಡಬ್ಬಿಗಳ ಸಾಲೊಂದನ್ನು ಬೈಕಿನಲ್ಲಿ ಹಾರಿ ಪೆಟ್ಟು ಮಾಡಿಕೊಂಡನು. ಅವನ ಸಾಹಸವೂ ಪ್ರಕಟವಾಯಿತು, ಅದರ ಬೆಲೆಯೂ ಸಂದಿತು. ಆದರೆ 1977ರ ಸೆಪ್ಟೆಂಬರಿನಲ್ಲಿ ಅದೇ ಚರ್ಮದ ಕೋಟಿನಲ್ಲಿ ಅವನು ನೀರಿನ ಮೇಲೆ ಜಾರುತ್ತ ಬಂದು ಒಂದು ಶಾರ್ಕ್ ಮೀನನ್ನು ಹಾರಿ ದಾಟಿದನು. ವರ್ಷಗಳ ಬಳಿಕ, ಮೆಚ್ಚಿನ ಧಾರಾವಾಹಿಗಳು ಕೆಟ್ಟುದು ಯಾವ ಗಳಿಗೆಯಲ್ಲಿ ಎಂದು ಹರಟುತ್ತಿದ್ದ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲೊಬ್ಬನು ಈ ದೃಶ್ಯವನ್ನು ನೆನೆದನು. 'ಶಾರ್ಕನ್ನು ಹಾರುವುದು' ಎಂಬ ಮಾತು ಅಂದಿನಿಂದ ಬಳಕೆಗೆ ಬಂದಿತು.

ನಮ್ಮ ಆಲಂಕಾರಿಕರು ಈ ದೋಷವನ್ನು ಸಾವಿರ ವರ್ಷಕ್ಕೂ ಹಿಂದೆಯೇ ಗುರುತಿಸಿದ್ದರು. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿದ್ದ ಆನಂದವರ್ಧನನು ರಸಕ್ಕೆ ಅಡ್ಡಿಯಾಗುವ ಸಂಗತಿಗಳನ್ನು ಎಣಿಸುವಾಗ, ಪೂರ್ಣವಾಗಿ ಪುಷ್ಟಿಗೊಂಡ ರಸವನ್ನು ಮತ್ತೆ ಮತ್ತೆ ಉದ್ದೀಪಿಸುವುದನ್ನೂ ಸೇರಿಸುತ್ತಾನೆ. ಹಾಗೆ ಪದೇ ಪದೇ ಮುಟ್ಟಿದ ರಸವು ಬಾಡಿದ ಹೂವಿನಂತಾಗುವುದೆಂಬುದು ಅವನ ಅಭಿಪ್ರಾಯ. ಭರತನು ಹೇಳಿದ ಐದು ಸಂಧಿಗಳಲ್ಲಿ ಕೊನೆಯದು ನಿರ್ವಹಣ. ಅಲ್ಲಿಗೆ ತಲುಪಲು ಮನಸ್ಸಿಲ್ಲದ ಕಥೆಗೆ ಈ ಉದ್ದೀಪನವೊಂದೇ ಉಳಿದ ಉಪಾಯ. ಸತ್ತವರು ಎದ್ದುಬರುತ್ತಾರೆ; ನೆನಪು ಅಳಿದವರಿಗೆ ನೆನಪು ಮರಳುತ್ತದೆ, ಮತ್ತೆ ಅಳಿಯುತ್ತದೆ.

ಹಾಗಾದರೆ ಜನ ಏಕೆ ಏಳುವುದಿಲ್ಲ? 'ಹ್ಯಾಪಿ ಡೇಸ್' ಆ ಹಾರಾಟದ ತರುವಾಯವೂ ಏಳು ವರ್ಷ ನಡೆದು 1984ರಲ್ಲಿ ಮುಗಿಯಿತು. 1985ರಲ್ಲಿ ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಓಹಾಯೋ ವಿಶ್ವವಿದ್ಯಾಲಯದ ನಾಟಕಶಾಲೆಯಲ್ಲಿ ಇಡೀ ಋತುವಿನ ಟಿಕೆಟ್ಟನ್ನು ಕೆಲವರಿಗೆ ಪೂರ್ಣ ಬೆಲೆಗೆ, ಕೆಲವರಿಗೆ ರಿಯಾಯಿತಿಯಲ್ಲಿ ಕೊಡಲಾಯಿತು. ಋತುವಿನ ಮೊದಲರ್ಧದಲ್ಲಿ ಹೆಚ್ಚು ನಾಟಕಗಳಿಗೆ ಹೋದವರು ಪೂರ್ಣ ಬೆಲೆ ತೆತ್ತವರು. ನಾಟಕಗಳು ಎಲ್ಲರಿಗೂ ಅವೇ ಆಗಿದ್ದುವು. ವ್ಯತ್ಯಾಸವಿದ್ದುದು ತೆತ್ತ ಹಣದಲ್ಲಿ ಮಾತ್ರ. ನಾವು ಧಾರಾವಾಹಿಗೆ ತೆರುವುದು ಸಂಜೆಗಳನ್ನು. ಮುನ್ನೂರು ಸಂಜೆಗಳನ್ನು ತೆತ್ತವನಿಗೆ ಮುನ್ನೂರ ಒಂದನೆಯದನ್ನು ಉಳಿಸಿಕೊಳ್ಳುವುದು ನಷ್ಟದಂತೆ ತೋರುತ್ತದೆ.

ಕೊನೆಯನ್ನು ಕಾಣದೆ ಬಿಟ್ಟರೆ ಕಥೆ ಅರ್ಧವಾಯಿತೆಂಬ ಅಳುಕೂ ಉಂಟು. ಆದರೆ ಕುಮಾರವ್ಯಾಸನು ಹತ್ತು ಪರ್ವಗಳಿಗೆ ತನ್ನ ಭಾರತವನ್ನು ನಿಲ್ಲಿಸಿದನು. ಗದಾಪರ್ವದ ಮುಂದಿನ ಕಥೆಯನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರೈಸಿದನು. ಹೀಗಿದ್ದೂ ಗದುಗಿನ ಭಾರತವನ್ನು ಓದಿ ಕೆಳಗಿಟ್ಟವರು ಅದು ಅರ್ಧಕ್ಕೆ ನಿಂತಿತೆಂದು ಕೊರಗುವುದಿಲ್ಲ. ಇಂಗ್ಲೆಂಡಿನ 'ಫಾಲ್ಟಿ ಟವರ್ಸ್' 1975ರಲ್ಲಿ ಆರು, 1979ರಲ್ಲಿ ಆರು ಕಂತುಗಳಾಗಿ ಬಂದು ನಿಂತುಹೋಯಿತು. ಆ ಹನ್ನೆರಡನ್ನು ಜನ ಇಂದಿಗೂ ನೋಡುತ್ತಾರೆ. ಆದುದರಿಂದ ಒಂದು ಸರಳ ಪರೀಕ್ಷೆ ಸಾಕೆಂದು ನಾನು ಬಹುಕಾಲ ನಂಬಿದ್ದೆ: ಈ ಪಾತ್ರವು ಮುಂದೇನು ಮಾಡುವುದೋ ಎಂಬ ಕುತೂಹಲ ಹೋಗಿ, ಬರೆಯುವವರು ಅದಕ್ಕೆ ಮುಂದೇನು ಮಾಡುವರೋ ಎಂದೆನಿಸಿದ ದಿನ ಎದ್ದುಬಿಡಬೇಕು.

ಈ ಪರೀಕ್ಷೆಯನ್ನು ನಮ್ಮ ಮನೆಯಲ್ಲಿಯೇ ನಡೆಸಿದೆ. ನನ್ನ ತಾಯಿ ಸಂಜೆ ಏಳೂವರೆಗೆ ಒಂದು ಧಾರಾವಾಹಿಯನ್ನು ನೋಡುತ್ತಿದ್ದರು. ನಾನೂ ಜೊತೆಗೆ ಕೂರುತ್ತಿದ್ದೆ. ಗಂಡನನ್ನು ಕಳೆದುಕೊಂಡ ಹುಡುಗಿಯೊಬ್ಬಳು ಓದು ಮುಂದುವರಿಸುವ ಕಥೆ. ಮೊದಲ ವರ್ಷ ನಿಜಕ್ಕೂ ಚೆನ್ನಾಗಿತ್ತು. ಎರಡನೆಯ ವರ್ಷ ಆ ಗಂಡ ಬದುಕಿಬಂದನು. ನಾನು ಎದ್ದೆ. ಏಳುವಾಗ ಆನಂದವರ್ಧನನ ಮತವನ್ನೂ ತಾಯಿಗೆ ವಿವರಿಸಿದೆ. "ಹೋಗಪ್ಪ, ನಿನಗೆ ಕೆಲಸ ಇರುತ್ತೆ" ಎಂದರು.

ಕೆಲವು ತಿಂಗಳ ಮೇಲೆ ಒಂದು ರಾತ್ರಿ ಊಟ ಬಡಿಸುತ್ತ, "ಇವತ್ತು ಆ ಹುಡುಗಿ..." ಎಂದು ಆರಂಭಿಸಿ, ನನ್ನ ಮುಖ ನೋಡಿ, ಮಾತು ನಿಲ್ಲಿಸಿ ಸಾರಿನ ಪಾತ್ರೆಗೆ ಕೈಹಾಕಿದರು. ಆ ನಿಂತ ಮಾತು ನನ್ನನ್ನು ಬಿಡಲಿಲ್ಲ. ಮರುದಿನ ಏಳೂವರೆಗೆ ಹೋಗಿ ಅವರ ಪಕ್ಕದಲ್ಲಿ ಕುಳಿತೆ. ಕಥೆ ನಾನು ಬಿಟ್ಟಾಗ ಇದ್ದುದಕ್ಕಿಂತ ಕೆಟ್ಟಿತ್ತು. ಹಾಗೆಂದು ಹೇಳಿದೆ.

"ಅದು ಕೆಟ್ಟು ಒಂದು ವರ್ಷವಾಯಿತು ಕಣೋ. ನನಗೆ ಗೊತ್ತಿಲ್ಲವೆ?" ಎಂದರು.

"ಮತ್ತೇಕಮ್ಮಾ ನೋಡುತ್ತೀಯೆ?"

"ಏಳೂವರೆಗೆ ಇನ್ನೇನು ಮಾಡಲಿ, ಹೇಳು."

ಅಲ್ಲಿಂದ ಮುಂದೆ ಎರಡು ವರ್ಷ ನಾವಿಬ್ಬರೂ ಅದನ್ನು ನೋಡಿದೆವು. ಮುಂದಿನ ತಿರುವನ್ನು ತಾಯಿ ಮೊದಲೇ ಹೇಳುತ್ತಿದ್ದರು, ತಪ್ಪುತ್ತಿದ್ದುದು ಅಪರೂಪ. ಕಂತಿಗಿಂತ ನಮ್ಮ ನಗೆಯೇ ಹೆಚ್ಚಾಗಿರುತ್ತಿತ್ತು. ನನ್ನ ಪರೀಕ್ಷೆ ಕಥೆಯ ಮಟ್ಟಿಗೆ ತಪ್ಪಾಗಿರಲಿಲ್ಲ. ಆದರೆ ಕಥೆಯನ್ನು ಬಿಡುವುದೂ ಜೊತೆಗೆ ಕುಳಿತವರನ್ನು ಬಿಡುವುದೂ ಬೇರೆ ಬೇರೆಯೆಂಬುದನ್ನು ನಾನು ಎಣಿಸಿಯೇ ಇರಲಿಲ್ಲ.

ತಾಯಿ ತೀರಿಕೊಂಡು ವೈಕುಂಠ ಸಮಾರಾಧನೆ ಕಳೆದ ಮರುದಿನ, ನೆಂಟರೆಲ್ಲ ಹೊರಟುಹೋದ ಮೇಲೆ, ಏಳೂವರೆಗೆ ಅಭ್ಯಾಸಬಲದಿಂದ ಟೆಲಿವಿಷನ್ ಹಾಕಿದೆ. ಆ ಹುಡುಗಿ ಇನ್ನೂ ಅಲ್ಲಿಯೇ ಇದ್ದಳು. ಬಾಗಿಲು ತೆರೆಯಿತು, ಯಾರೋ ಮರಳಿಬಂದರು. ಯಾರೆಂದು ತಾಯಿ ಹಿಂದಿನ ತಿಂಗಳೇ ಹೇಳಿದ್ದರು. ಅವರ ಊಹೆ ಸರಿಯಾಯಿತೆಂಬುದನ್ನು ನೋಡಿಕೊಂಡು, ಟೆಲಿವಿಷನ್ ಆರಿಸಿ ಎದ್ದೆ.